ಮೂತ್ರಪಿಂಡದೊಳಗಿನ ಹೂಳು: ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ಉರಿಯೂತ ಮತ್ತು ನಾರುಗಟ್ಟುವಿಕೆ

ಮೂತ್ರಪಿಂಡದ ಕಾಯಿಲೆ ಯಾವ ಕಾರಣದಿಂದ ಶುರುವಾದರೂ ಅದು ಸಾಗುವ ಹಾದಿ ಹೆಚ್ಚುಕಡಿಮೆ ಒಂದೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಲ್ಲು, ಲೆಕ್ಕ ತಪ್ಪಿ ನುಂಗಿದ ನೋವಿನ ಮಾತ್ರೆ, ಹುಟ್ಟಿನಿಂದ ಬಂದ ದೋಷ, ಹೀಗೆ ಪೆಟ್ಟು ಎಲ್ಲಿಂದಲೇ ಬೀಳಲಿ, ಒಳಗೆ ಮೊದಲು ಉರಿಯೂತ ಹುಟ್ಟುತ್ತದೆ. ಅದು ಆರದೆ ಉಳಿದರೆ ನಾರು ಕಟ್ಟಲು ತೊಡಗುತ್ತದೆ. ನಾರು ಕಟ್ಟಿದಷ್ಟು ಜಾಗದಲ್ಲಿ ರಕ್ತ ಸೋಸುವ ಕೆಲಸ ನಿಂತುಹೋಗುತ್ತದೆ. ಹೂಳು ತುಂಬುತ್ತಿರುವ ಕೆರೆಯ ಹಾಗೆ ಇದು. ಏರಿಯ ಮೇಲೆ ನಿಂತು ನೋಡುವವರಿಗೆ ಕೆರೆ ತುಂಬಿಯೇ ಕಾಣುತ್ತದೆ. ಎಷ್ಟು ನೀರು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬುದು ಬೇಸಿಗೆ ಬಂದಾಗಲೇ ಗೊತ್ತಾಗುವುದು. ಈ ಹೂಳು ಹೇಗೆ ಸೇರುತ್ತದೆ, ಅದನ್ನು ತಡೆಯಲು ವಿಜ್ಞಾನಿಗಳು ಏನೇನು ಮಾಡಿದ್ದಾರೆ, ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು ಎಂಬುದರ ವಿವರ ಇಲ್ಲಿದೆ.

ಸೋಸುವ ಅಂಗ

ಬೆನ್ನುಮೂಳೆಯ ಎರಡು ಬದಿಗೆ ಒಂದೊಂದರಂತೆ ಇರುವ ಮೂತ್ರಪಿಂಡಗಳು ತಲಾ ಸುಮಾರು 150 ಗ್ರಾಂ ತೂಗುತ್ತವೆ. ಎರಡೂ ಸೇರಿದರೆ ದೇಹದ ತೂಕದ ಇನ್ನೂರನೇ ಒಂದು ಪಾಲು ಅಷ್ಟೆ. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಐದನೇ ಒಂದು ಪಾಲು ಇವುಗಳಿಗೇ ಹೋಗುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ನೆಫ್ರಾನ್ ಎಂದರೆ ಸೋಸುವ ಘಟಕ. ಅದರ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಸುತ್ತಿಕೊಂಡ ಒಂದು ಉಂಡೆ ಇರುತ್ತದೆ. ಇದೇ ಗ್ಲೊಮೆರುಲಸ್. ರಕ್ತ ಸೋಸಿ ಬರುವುದು ಇಲ್ಲಿ. ಸೋಸಿದ ದ್ರವ ಅಲ್ಲಿಂದ ಉದ್ದನೆಯ ನಳಿಕೆಯೊಳಗೆ ಹರಿಯುತ್ತದೆ.

ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಸೋಸಿ ಬರುತ್ತದೆ. ಅದರಲ್ಲಿ ನೂರಕ್ಕೆ 99ರಷ್ಟನ್ನು ನಳಿಕೆಯ ಜೀವಕೋಶಗಳು ಮತ್ತೆ ಹೀರಿ ರಕ್ತಕ್ಕೆ ಮರಳಿಸುತ್ತವೆ. ಉಳಿದ ಒಂದೂವರೆ ಲೀಟರ್‌ನಷ್ಟು ಮೂತ್ರವಾಗಿ ಹೊರಬರುತ್ತದೆ. ಹೀರುವ ಈ ಕೆಲಸಕ್ಕೆ ಬಹಳ ಶಕ್ತಿ ಬೇಕು. ಹೀಗಾಗಿ ನಳಿಕೆಯ ಜೀವಕೋಶಗಳಿಗೆ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ತಡೆಯುವುದಿಲ್ಲ. ಪೆಟ್ಟು ಮೊದಲು ತಿನ್ನುವುದೂ ಅವೇ.

ನೆಫ್ರಾನ್‌ಗಳ ಲೆಕ್ಕ ಹುಟ್ಟುವ ಹೊತ್ತಿಗೇ ಮುಗಿದಿರುತ್ತದೆ. ಸತ್ತ ನೆಫ್ರಾನ್‌ನ ಜಾಗಕ್ಕೆ ಹೊಸದು ಬರುವುದಿಲ್ಲ. ಉಳಿದವು ಸತ್ತವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಅರ್ಧದಷ್ಟು ಕೆಲಸ ನಿಂತುಹೋದರೂ ಮನುಷ್ಯನಿಗೆ ಏನೂ ಅನ್ನಿಸದಿರುವುದಕ್ಕೆ ಇದೇ ಕಾರಣ. ಆದರೆ ಹೆಚ್ಚಿನ ಹೊರೆ ಹೊತ್ತ ನೆಫ್ರಾನ್ ಆ ಹೊರೆಯಿಂದಲೇ ಸವೆಯುತ್ತದೆ. ಅಮೆರಿಕದ ಬ್ಯಾರಿ ಬ್ರೆನ್ನರ್ ಮತ್ತು ಅವರ ಸಂಗಡಿಗರು 1982ರಲ್ಲಿ ಮುಂದಿಟ್ಟ ಈ ವಿಚಾರ ಇಂದಿನ ಚಿಕಿತ್ಸೆಗೆಲ್ಲ ತಳಹದಿ.

ದೀರ್ಘಕಾಲದ ಕಾಯಿಲೆ ಎನ್ನುವುದು ಯಾವಾಗ?

ಮೂತ್ರಪಿಂಡದ ರಚನೆಯಲ್ಲಾಗಲಿ ಕೆಲಸದಲ್ಲಾಗಲಿ ಕಂಡ ದೋಷ ಮೂರು ತಿಂಗಳು ಮೀರಿ ಉಳಿದರೆ ಅದು ದೀರ್ಘಕಾಲದ ಕಾಯಿಲೆ. ಇದನ್ನು ಅಳೆಯಲು ಮುಖ್ಯವಾಗಿ ಎರಡು ಅಳತೆಗಳಿವೆ. ಒಂದು, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಲೆಕ್ಕ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ಕಶ್ಮಲದ ಮಟ್ಟ ನೋಡಿ, ವಯಸ್ಸು ಮತ್ತು ಲಿಂಗ ಸೇರಿಸಿ ಇದನ್ನು ಅಂದಾಜು ಮಾಡುತ್ತಾರೆ. ಲ್ಯಾಬ್ ವರದಿಯಲ್ಲಿ ಇದು ಇಜಿಎಫ್‌ಆರ್ ಎಂದು ಬರುತ್ತದೆ. ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಕಾಯಿಲೆ ಇದೆ ಎಂದರ್ಥ. 15ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ಸೋತಂತೆ. ಎರಡನೆಯದು, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಆಲ್ಬುಮಿನ್ ಇದ್ದರೆ ಜರಡಿ ಹರಿದಿದೆ ಎಂದು ತಿಳಿಯಬೇಕು.

ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಮೂತ್ರಪಿಂಡದ ತೊಂದರೆ ಇದೆ ಎಂದು ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘಗಳ ಅಂದಾಜು. ಬಹುಪಾಲು ಜನರಿಗೆ ಅದು ತಿಳಿದೇ ಇಲ್ಲ. ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ಊಟ ಸೇರದೆ, ಏದುಸಿರು ಬಂದು ಆಸ್ಪತ್ರೆಗೆ ಬರುವ ಹೊತ್ತಿಗೆ ಎಷ್ಟೋ ಮಂದಿಯ ಮೂತ್ರಪಿಂಡದಲ್ಲಿ ನಾರು ತುಂಬಿರುತ್ತದೆ.

ಉರಿಯೂತ: ಕಾಯಲು ಬಂದವರು ಕದಲದೆ ಕೂತಾಗ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದು ಉರಿಯೂತ. ಬಿಳಿ ರಕ್ತಕಣಗಳು ಬಂದು ಕೊಳೆ ಬಳಿದು, ಸೋಂಕು ಕೊಂದು, ದುರಸ್ತಿಗೆ ಜಾಗ ಮಾಡಿಕೊಟ್ಟು ಹಿಂದಿರುಗುತ್ತವೆ. ನಾಲ್ಕಾರು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ. ದೇಹಕ್ಕೆ ಬೇಕೇ ಬೇಕಾದ ಕೆಲಸ ಇದು.

ಮೂತ್ರಪಿಂಡದಲ್ಲಿ ನಡೆಯುವುದೂ ಇದೇ. ಪೆಟ್ಟು ತಿಂದ ನಳಿಕೆಯ ಜೀವಕೋಶ ಅಪಾಯದ ಸಂಕೇತಗಳನ್ನು ಹೊರಬಿಡುತ್ತದೆ. ಅದರ ಒಳಗೆ ಎನ್‌ಎಫ್-ಕಪ್ಪ ಬಿ ಎಂಬ ನಿಯಂತ್ರಕ ಪ್ರೋಟೀನ್ ಎಚ್ಚೆತ್ತು, ಉರಿಯೂತಕ್ಕೆ ಬೇಕಾದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಎಂಸಿಪಿ-1 ಎಂಬ ಪ್ರೋಟೀನ್ ರಕ್ತದಲ್ಲಿ ತಿರುಗುತ್ತಿರುವ ಮೊನೊಸೈಟ್ ಕಣಗಳನ್ನು ಒಳಗೆ ಕರೆಯುತ್ತದೆ. ಅವು ಒಳಬಂದು ಮ್ಯಾಕ್ರೊಫೇಜ್‌ಗಳಾಗುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ರಾಸಾಯನಿಕ ಸಂದೇಶಗಳು ಸುತ್ತಲೂ ಹರಡುತ್ತವೆ.

ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಮುಳ್ಳು ಒಮ್ಮೆ ಚುಚ್ಚುತ್ತದೆ, ತೆಗೆದರೆ ಮುಗಿಯಿತು. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ, ಒತ್ತಡ ಇಳಿಯದೇ ಇದ್ದರೆ, ಆ ಮುಳ್ಳು ದಿನವೂ ಚುಚ್ಚುತ್ತಿರುತ್ತದೆ. ಜರಡಿ ಹರಿದು ನಳಿಕೆಗೆ ಇಳಿದ ಆಲ್ಬುಮಿನ್ ಕೂಡ ನಳಿಕೆಯ ಜೀವಕೋಶಗಳನ್ನು ಕೆರಳಿಸುತ್ತದೆ. ಹೀಗಾಗಿ ಕಾಯಿಲೆಯ ಗುರುತಾದ ಆಲ್ಬುಮಿನ್ ಕಾಯಿಲೆಯನ್ನು ಬೆಳೆಸುವ ಕಾರಣವೂ ಆಗುತ್ತದೆ. ಬಂದ ಬಿಳಿ ರಕ್ತಕಣಗಳು ಹಿಂದಿರುಗುವುದಿಲ್ಲ. ಅವು ಇರುವಷ್ಟು ಕಾಲ ದುರಸ್ತಿಯ ಆಜ್ಞೆಯೂ ನಿಲ್ಲುವುದಿಲ್ಲ.

ಜೀವಕೋಶಗಳ ಒಳಗೂ ಒಂದು ಎಡವಟ್ಟು ಆಗುತ್ತದೆ. ಪೆಟ್ಟಿನ ನಂತರ ಬದುಕುಳಿದ ನಳಿಕೆಯ ಕೋಶಗಳು ಒಡೆದು ಎರಡಾಗಿ, ಸತ್ತವುಗಳ ಜಾಗ ತುಂಬಬೇಕು. ಪೆಟ್ಟು ಜೋರಾಗಿದ್ದರೆ ಕೆಲವು ಕೋಶಗಳು ವಿಭಜನೆಯ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಸಾಯುವುದೂ ಇಲ್ಲ, ಗುಣವಾಗುವುದೂ ಇಲ್ಲ. ಹೀಗೆ ನಿಂತ ಕೋಶಗಳು ನಾರು ಕಟ್ಟಿಸುವ ಸಂದೇಶಗಳನ್ನು ಬಿಡುಗಡೆ ಮಾಡುತ್ತಲೇ ಇರುತ್ತವೆ ಎಂದು ಬಾಸ್ಟನ್‌ನ ಜೋಸೆಫ್ ಬೊನ್‌ವೆಂಟ್ರೆ ಅವರ ತಂಡ 2010ರಲ್ಲಿ ಇಲಿಗಳಲ್ಲಿ ತೋರಿಸಿತು. ಇಲಿ ಜ್ವರ, ಕೊಳಕುಮಂಡಲದ ಕಡಿತ, ವಾಂತಿಭೇದಿಯಿಂದ ನೀರು ಬತ್ತುವುದು, ಇಂಥ ಕಾರಣಗಳಿಂದ ಕಿಡ್ನಿ ಒಮ್ಮೆ ಥಟ್ಟನೆ ಕೆಟ್ಟು ಚೇತರಿಸಿಕೊಂಡವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ದೀರ್ಘಕಾಲದ ಕಾಯಿಲೆ ಏಕೆ ಕಾಣಿಸುತ್ತದೆ ಎಂಬುದಕ್ಕೆ ಇದು ಒಂದು ಉತ್ತರ.

ನಾರುಗಟ್ಟುವಿಕೆ: ನಿಲ್ಲದ ದುರಸ್ತಿ

ಚರ್ಮದ ಗಾಯ ಆರಿದ ಮೇಲೆ ಕಲೆ ಉಳಿಯುತ್ತದೆ. ಆ ಕಲೆ ಕೊಲಾಜನ್ ಎಂಬ ಗಟ್ಟಿ ನಾರಿನಿಂದ ಆದದ್ದು. ಮೂತ್ರಪಿಂಡದ ಒಳಗೂ ಇದೇ ಕೊಲಾಜನ್ ಸೇರುತ್ತದೆ. ಇದನ್ನು ವೈದ್ಯರು ಫೈಬ್ರೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ನಾರುಗಟ್ಟುವಿಕೆ ಎನ್ನಬಹುದು. ಮಂಡಿಯ ಮೇಲಿನ ಕಲೆಯಿಂದ ನಡಿಗೆ ಕೆಡುವುದಿಲ್ಲ. ಆದರೆ ನಳಿಕೆ ಮತ್ತು ಸಣ್ಣ ರಕ್ತನಾಳ ಒತ್ತೊತ್ತಾಗಿ ಹೆಣೆದುಕೊಂಡಿರುವ ಮೂತ್ರಪಿಂಡದಲ್ಲಿ ನಡುವೆ ನಾರು ಸೇರಿದರೆ ಎರಡರ ಸಂಬಂಧವೂ ಕಡಿಯುತ್ತದೆ. ರಕ್ತನಾಳಗಳು ಕಡಿಮೆಯಾಗುತ್ತವೆ, ಆಮ್ಲಜನಕ ಇಳಿಯುತ್ತದೆ, ಇನ್ನಷ್ಟು ಕೋಶಗಳು ಸಾಯುತ್ತವೆ, ಮತ್ತಷ್ಟು ನಾರು ಸೇರುತ್ತದೆ. ಒಂದು ಹಂತ ದಾಟಿದ ಮೇಲೆ ಮೂಲ ಕಾರಣ ಹೋದರೂ ಈ ಚಕ್ರ ತಾನಾಗಿಯೇ ತಿರುಗುತ್ತಿರುತ್ತದೆ.

ಈ ನಾರನ್ನು ನೇಯುವುದು ಮಯೋಫೈಬ್ರೋಬ್ಲಾಸ್ಟ್ ಎಂಬ ಜೀವಕೋಶ. ಸ್ನಾಯುವಿನಂತೆ ಕುಗ್ಗಬಲ್ಲ, ನಾರನ್ನೂ ಹೆಣೆಯಬಲ್ಲ ಈ ಕೋಶವನ್ನು ಜಿನೀವಾದ ಜೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ಮಾಯುತ್ತಿರುವ ಗಾಯದಲ್ಲಿ ಗುರುತಿಸಿದರು. ಗಾಯ ಮುಚ್ಚಿದ ಮೇಲೆ ಚರ್ಮದಲ್ಲಿ ಈ ಕೋಶಗಳು ಸತ್ತು ಮರೆಯಾಗುತ್ತವೆ. ಕಾಯಿಲೆ ಬಿದ್ದ ಮೂತ್ರಪಿಂಡದಲ್ಲಿ ಅವು ಉಳಿದುಕೊಂಡು ದುಡಿಯುತ್ತಲೇ ಇರುತ್ತವೆ.

ಗಾಜಿನ ಫಲಕದ ಮೇಲೆ

ಕಾಯಿಲೆಯ ಕಾರಣ ಖಚಿತವಾಗದಿದ್ದಾಗ ವೈದ್ಯರು ಬಯಾಪ್ಸಿ ಮಾಡಿಸುತ್ತಾರೆ. ಅಲ್ಟ್ರಾಸೌಂಡ್ ನೋಡಿಕೊಂಡು, ಬೆನ್ನಿನ ಕಡೆಯಿಂದ ಟೊಳ್ಳು ಸೂಜಿ ಇಳಿಸಿ, ಒಂದೆರಡು ಸೆಂಟಿಮೀಟರ್ ಉದ್ದದ, ಶಾವಿಗೆ ಎಳೆಯಷ್ಟು ಸಣ್ಣ ತುಣುಕನ್ನು ತೆಗೆಯುತ್ತಾರೆ. ಅದನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲಿನಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಬಣ್ಣಗಳಲ್ಲಿ ಒಂದು ಮ್ಯಾಸನ್ ಟ್ರೈಕ್ರೋಮ್. ಇದು ಜೀವಕೋಶಗಳಿಗೆ ಕೆಂಪು ಬಣ್ಣವನ್ನೂ ಕೊಲಾಜನ್‌ಗೆ ನೀಲಿ ಬಣ್ಣವನ್ನೂ ಕೊಡುತ್ತದೆ.

ಆರೋಗ್ಯವಂತ ಮೂತ್ರಪಿಂಡದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ನಳಿಕೆಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡು ಒತ್ತಾಗಿ ಕೂತಿರುತ್ತವೆ. ನಡುವೆ ನೀಲಿ ಗೆರೆ ಕಂಡೂ ಕಾಣದಷ್ಟು. ಕಾಯಿಲೆ ಬಿದ್ದ ತುಣುಕಿನಲ್ಲಿ ನಳಿಕೆಗಳು ದೂರ ದೂರ ಸರಿದಿರುತ್ತವೆ. ಕೆಲವು ಸುರುಟಿ ಚಿಕ್ಕದಾಗಿರುತ್ತವೆ. ನಡುವೆ ನೀಲಿ ಹರಡಿರುತ್ತದೆ. ಅದರೊಳಗೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ರಕ್ತಕಣಗಳ ಗುಂಪು. ಗ್ಲೊಮೆರುಲಸ್ ಉಂಡೆಗಳಲ್ಲಿ ಕೆಲವು ಸೋಸುವ ನಾಳವೇ ಇಲ್ಲದ ಗಟ್ಟಿ ನೀಲಿ ಗುಂಡಾಗಿರುತ್ತವೆ. ರೋಗಶಾಸ್ತ್ರಜ್ಞರು ನಾರು ಎಷ್ಟು ಜಾಗ ಹಿಡಿದಿದೆ ಎಂದು ಅಂದಾಜಿಸಿ ನೂರಕ್ಕೆ ಇಷ್ಟು ಎಂದು ಬರೆಯುತ್ತಾರೆ. ರೋಗಿಯ ಮುಂದಿನ ದಿನಗಳನ್ನು ಹೇಳುವಲ್ಲಿ ಆ ಒಂದು ಅಂಕಿಗೆ ತುಂಬ ತೂಕ ಇದೆ.

1968ರಲ್ಲಿ ರಿಸ್ಡನ್, ಸ್ಲೋಪರ್ ಮತ್ತು ಡಿ ವಾರ್ಡನರ್ ಎಂಬ ಬ್ರಿಟಿಷ್ ವೈದ್ಯರು ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಅವರು ನೋಡಿದ್ದು ಗ್ಲೊಮೆರುಲಸ್‌ನಲ್ಲಿ ಶುರುವಾಗುವ ಕಾಯಿಲೆಯನ್ನೇ. ಆದರೂ ಮೂತ್ರಪಿಂಡದ ಕೆಲಸ ಎಷ್ಟು ಕುಗ್ಗಿದೆ ಎಂಬುದಕ್ಕೆ ಗ್ಲೊಮೆರುಲಸ್‌ನ ಹಾನಿಗಿಂತ ನಳಿಕೆ ಮತ್ತು ಅವುಗಳ ನಡುವಿನ ಜಾಗದ ಹಾನಿಯೇ ಹೆಚ್ಚು ಹೊಂದುತ್ತಿತ್ತು. ಹೂಳು ಎಲ್ಲಿ ಸೇರುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಚಮಚ, ಮೇಣದಬತ್ತಿ ಮತ್ತು 1827

ಈ ಶೋಧದ ಹಾದಿ ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ಶುರುವಾಗುತ್ತದೆ. ಅಲ್ಲಿನ ವೈದ್ಯ ರಿಚರ್ಡ್ ಬ್ರೈಟ್ ಮೈ ಊದಿ ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸುತ್ತಿದ್ದ. ಕೆಲವರ ಮೂತ್ರ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅದೇ ರೋಗಿಗಳು ಸತ್ತ ಮೇಲೆ ದೇಹ ತೆರೆದು ನೋಡಿದಾಗ ಮೂತ್ರಪಿಂಡ ಗಟ್ಟಿಯಾಗಿ, ಒರಟೊರಟಾಗಿ ಕಾಣುತ್ತಿತ್ತು. ಮೈ ಊತ, ಮೂತ್ರದ ಪ್ರೋಟೀನ್ ಮತ್ತು ಕೆಟ್ಟ ಮೂತ್ರಪಿಂಡ, ಈ ಮೂರನ್ನೂ ಸೇರಿಸಿ ಆತ 1827ರಲ್ಲಿ ಪ್ರಕಟಿಸಿದ. ಬಹುಕಾಲ ಈ ಕಾಯಿಲೆಗೆ ಬ್ರೈಟನ ಕಾಯಿಲೆ ಎಂದೇ ಹೆಸರಿತ್ತು. ಇಂದು ಲ್ಯಾಬಿನಲ್ಲಿ ಅಳೆಯುವ ಆಲ್ಬುಮಿನ್ ಆ ಚಮಚದಲ್ಲಿ ಹೆಪ್ಪುಗಟ್ಟಿದ್ದೇ.

ನಾರು ನೇಯುವವರು ಎಲ್ಲಿಂದ ಬಂದರು?

ಆರೋಗ್ಯವಂತ ಮೂತ್ರಪಿಂಡದಲ್ಲಿ ಮಯೋಫೈಬ್ರೋಬ್ಲಾಸ್ಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಕಾಯಿಲೆಯಲ್ಲಿ ಇಷ್ಟೊಂದು ಎಲ್ಲಿಂದ ಬಂದವು? ಈ ಪ್ರಶ್ನೆ ಸಂಶೋಧಕರನ್ನು ಎರಡು ದಶಕ ಕಾಡಿತು. ನಳಿಕೆಯ ಕೋಶಗಳೇ ರೂಪ ಬದಲಿಸಿ ನಾರು ನೇಯುವ ಕೋಶಗಳಾಗುತ್ತವೆ ಎಂದು 2002ರಲ್ಲಿ ಇಲಿಗಳ ಅಧ್ಯಯನವೊಂದು ಹೇಳಿತು. ಬಹಳ ಜನ ಒಪ್ಪಿದರು. 2010ರಲ್ಲಿ ಬೆಂಜಮಿನ್ ಹಂಫ್ರೀಸ್ ಮತ್ತು ಸಂಗಡಿಗರು ಕೋಶಗಳಿಗೆ ವಂಶವಾಹಿಯ ಗುರುತು ಹಾಕಿ ಹಿಂಬಾಲಿಸಿದಾಗ ಚಿತ್ರ ಬದಲಾಯಿತು. ಸಣ್ಣ ರಕ್ತನಾಳಗಳನ್ನು ಹೊರಗಿನಿಂದ ಅಪ್ಪಿಕೊಂಡಿರುವ ಪೆರಿಸೈಟ್ ಕೋಶಗಳೇ ಹೆಚ್ಚಾಗಿ ಈ ರೂಪ ತಾಳುತ್ತಿದ್ದವು.

2021ರಲ್ಲಿ ಜರ್ಮನಿಯ ಆಹೆನ್ ನಗರದ ರಾಫೆಲ್ ಕ್ರಾಮನ್ ಅವರ ತಂಡ ಮನುಷ್ಯರ ಮೂತ್ರಪಿಂಡದ ಕೋಶಗಳನ್ನು ಒಂದೊಂದಾಗಿ ಓದಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿತು. ನಾರು ನೇಯುವವರಲ್ಲಿ ಹೆಚ್ಚಿನವರು ಪೆರಿಸೈಟ್ ಮತ್ತು ಫೈಬ್ರೋಬ್ಲಾಸ್ಟ್ ಕುಲದವರೇ ಎಂದು ಮನುಷ್ಯರಲ್ಲೂ ಖಚಿತವಾಯಿತು. ಇದರಿಂದ ರಕ್ತನಾಳ ಏಕೆ ಕಡಿಮೆಯಾಗುತ್ತದೆ ಎಂಬುದೂ ತಿಳಿಯುತ್ತದೆ. ಕಾವಲಿಗಿದ್ದ ಪೆರಿಸೈಟ್ ನಾಳವನ್ನು ಬಿಟ್ಟು ನಾರು ನೇಯಲು ಹೋದರೆ, ಆಸರೆ ತಪ್ಪಿದ ನಾಳ ಕುಸಿಯುತ್ತದೆ.

ಇಂಥ ಅಧ್ಯಯನಗಳಿಗೆ ರೋಗಿಗಳೇ ಮುಂದೆ ಬಂದು ತುಣುಕು ಕೊಡಬೇಕು. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ಮೂತ್ರಪಿಂಡದ ನಿಖರ ಚಿಕಿತ್ಸಾ ಯೋಜನೆಯಲ್ಲಿ ರೋಗಿಗಳು ತಮಗೆ ನೇರ ಲಾಭವಿಲ್ಲ ಎಂದು ತಿಳಿದೂ ಸಂಶೋಧನೆಗಾಗಿಯೇ ಬಯಾಪ್ಸಿ ಕೊಟ್ಟಿದ್ದಾರೆ. ಆರೋಗ್ಯದ ಮತ್ತು ಕಾಯಿಲೆಯ ಕೋಶಗಳ ವಿವರವಾದ ನಕ್ಷೆ 2023ರಲ್ಲಿ ಪ್ರಕಟವಾದದ್ದರ ಹಿಂದೆ ಅವರ ಔದಾರ್ಯ ಇದೆ.

ಟಿಜಿಎಫ್-ಬೀಟಾ: ಹುಟ್ಟಿದ ಆಸೆ, ಕಲಿತ ಪಾಠ

ನಾರು ನೇಯುವ ಕೋಶಕ್ಕೆ ಆಜ್ಞೆ ಕೊಡುವ ಪ್ರೋಟೀನ್‌ಗಳಲ್ಲಿ ಮುಖ್ಯವಾದದ್ದು ಟಿಜಿಎಫ್-ಬೀಟಾ. 1990ರಲ್ಲಿ ವೇಯ್ನ್ ಬಾರ್ಡರ್ ಮತ್ತು ಸಂಗಡಿಗರು ಮೂತ್ರಪಿಂಡದ ಉರಿಯೂತ ಬರಿಸಿದ ಇಲಿಗಳಿಗೆ ಈ ಪ್ರೋಟೀನನ್ನು ತಟಸ್ಥಗೊಳಿಸುವ ಪ್ರತಿಕಾಯ ಕೊಟ್ಟರು. ನಾರು ಸೇರುವುದು ಇಳಿಯಿತು. ಆಜ್ಞೆ ಕೊಡುವವನ ಬಾಯಿ ಮುಚ್ಚಿಸಿದರೆ ಕಾಯಿಲೆ ನಿಲ್ಲುತ್ತದೆ ಎಂಬ ದೊಡ್ಡ ಆಸೆ ಹುಟ್ಟಿತು.

ಮನುಷ್ಯರಲ್ಲಿ ಅದು ಫಲಿಸಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟ 400ಕ್ಕೂ ಹೆಚ್ಚು ರೋಗಿಗಳಿಗೆ ಇಂಥ ಪ್ರತಿಕಾಯ ಕೊಟ್ಟು ನೋಡಿದ ಪ್ರಯೋಗವನ್ನು ಲಾಭವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2017ರಲ್ಲಿ ಬಂತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಟಿಜಿಎಫ್-ಬೀಟಾ ನಾರಿಗೆ ಆಜ್ಞೆ ಕೊಡುವುದರ ಜೊತೆಗೆ ಉರಿಯೂತವನ್ನು ತಣಿಸುವ ಕೆಲಸವನ್ನೂ ಮಾಡುತ್ತದೆ. ಇನ್ನೊಂದು ಕಾರಣ ಕಾಲದ ಅಂತರ. ಪ್ರಯೋಗಕ್ಕಾಗಿ ಇಲಿಯ ಮೂತ್ರನಾಳವನ್ನು ಕಟ್ಟಿದರೆ ಒಂದೆರಡು ವಾರದಲ್ಲಿ ನಾರು ತುಂಬುತ್ತದೆ. ಮನುಷ್ಯನಲ್ಲಿ ಅದು ಹತ್ತಿಪ್ಪತ್ತು ವರ್ಷದ ಕೆಲಸ. ಎರಡು ವಾರದ ಇಲಿಯಲ್ಲಿ ಗೆದ್ದ ಔಷಧ ಇಪ್ಪತ್ತು ವರ್ಷದ ಕಾಯಿಲೆಯಲ್ಲಿ ಗೆಲ್ಲಲೇಬೇಕು ಎಂದಿಲ್ಲ.

ಉರಿಯೂತವನ್ನು ನೇರವಾಗಿ ಹೊಡೆದ ಔಷಧಗಳ ಕಥೆಯೂ ಸುಲಭದ್ದಲ್ಲ. ಬಾರ್ಡಾಕ್ಸೊಲೋನ್ ಎಂಬ ಔಷಧದ ದೊಡ್ಡ ಪ್ರಯೋಗವನ್ನು ಹೃದಯ ವೈಫಲ್ಯ ಹೆಚ್ಚಾಯಿತೆಂದು 2012ರಲ್ಲಿ ನಿಲ್ಲಿಸಲಾಯಿತು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಔಷಧವನ್ನು ಹೃದಯಾಘಾತವಾಗಿದ್ದ 10,061 ಜನರ ಮೇಲೆ ಪರೀಕ್ಷಿಸಿದಾಗ ಮೂತ್ರಪಿಂಡ ಕುಗ್ಗಿದ್ದವರಲ್ಲೂ ಹೃದಯದ ತೊಂದರೆಗಳು ಕಡಿಮೆಯಾದವು. ಆದರೆ ಮೂತ್ರಪಿಂಡದ ಕೆಲಸ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಐಜಿಎ ನೆಫ್ರೋಪತಿ ಎಂಬ ಕಾಯಿಲೆಯಲ್ಲಿ ಸ್ಟೀರಾಯ್ಡ್ ಕೊಟ್ಟು ನೋಡಿದ ಟೆಸ್ಟಿಂಗ್ ಎಂಬ ಪ್ರಯೋಗದಲ್ಲಿ ಭಾರತದ ರೋಗಿಗಳೂ ಇದ್ದರು. ಅಲ್ಲಿ ಮೂತ್ರಪಿಂಡಕ್ಕೆ ಲಾಭ ಸಿಕ್ಕಿತು. ಆದರೆ ಗಂಭೀರ ಸೋಂಕು ಹೆಚ್ಚಿದ್ದರಿಂದ ಔಷಧದ ಪ್ರಮಾಣ ಇಳಿಸಿ ಪ್ರಯೋಗ ಮುಂದುವರಿಸಬೇಕಾಯಿತು. ಉರಿಯೂತ ದೇಹದ ಕಾವಲುಗಾರನೂ ಹೌದು. ಅವನನ್ನು ಪೂರ್ತಿ ಕಟ್ಟಿಹಾಕಿದರೆ ಬೇರೆ ಬಾಗಿಲಿನಿಂದ ಅಪಾಯ ನುಗ್ಗುತ್ತದೆ.

ಹರಿದು ಬರುವ ಮಣ್ಣನ್ನು ತಡೆದ ಔಷಧಗಳು

ಗೆದ್ದ ಔಷಧಗಳು ಹೂಳೆತ್ತುವ ಕೆಲಸಕ್ಕೆ ಕೈಹಾಕಲಿಲ್ಲ. ಮೇಲಿನಿಂದ ಮಣ್ಣು ಹರಿದು ಬರುವುದನ್ನು ತಡೆದವು. ಮೊದಲನೆಯದು ಕ್ಯಾಪ್ಟೊಪ್ರಿಲ್. ಬ್ರೆಜಿಲ್‌ನ ಜರರಾಕ ಎಂಬ ಹಾವಿನ ವಿಷದ ಅಧ್ಯಯನದಿಂದ ಹೊಳೆದ ಈ ಮಾತ್ರೆ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಆಂಜಿಯೊಟೆನ್ಸಿನ್ ಗ್ಲೊಮೆರುಲಸ್ ಒಳಗಿನ ಒತ್ತಡ ಏರಿಸುತ್ತದೆ, ಟಿಜಿಎಫ್-ಬೀಟಾವನ್ನೂ ಹೆಚ್ಚಿಸುತ್ತದೆ. 1993ರಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ 409 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಕ್ಯಾಪ್ಟೊಪ್ರಿಲ್ ತೆಗೆದುಕೊಂಡವರಲ್ಲಿ ಕ್ರಿಯಾಟಿನಿನ್ ದುಪ್ಪಟ್ಟಾಗುವ ಅಪಾಯ ಅರ್ಧದಷ್ಟು ಇಳಿದಿತ್ತು. ಇದೇ ಹಾರ್ಮೋನಿನ ಹಾದಿಯನ್ನು ಬೇರೆ ಕಡೆಯಲ್ಲಿ ತಡೆಯುವ ಲೊಸಾರ್ಟಾನ್, ಇರ್ಬೆಸಾರ್ಟಾನ್‌ಗಳ ಲಾಭ 2001ರಲ್ಲಿ ಟೈಪ್ 2 ರೋಗಿಗಳಲ್ಲಿ ಖಚಿತವಾಯಿತು.

ಆಮೇಲೆ ಸುಮಾರು ಇಪ್ಪತ್ತು ವರ್ಷ ಹೊಸದೇನೂ ಬರಲಿಲ್ಲ. ನಂತರ ಬಂದವು ಎಸ್‌ಜಿಎಲ್‌ಟಿ-2 ತಡೆ ಔಷಧಗಳು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಲು ಮಾಡಿದ ಈ ಮಾತ್ರೆಗಳು ಗ್ಲೊಮೆರುಲಸ್ ಮೇಲಿನ ಒತ್ತಡವನ್ನೂ ನಳಿಕೆಯ ದುಡಿಮೆಯನ್ನೂ ಇಳಿಸುತ್ತವೆ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 4,304 ರೋಗಿಗಳಿದ್ದರು. ಅವರಲ್ಲಿ ಮೂರನೇ ಒಂದು ಪಾಲಿನಷ್ಟು ಮಂದಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಡಾಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಮೂತ್ರಪಿಂಡ ಅರ್ಧಕ್ಕರ್ಧ ಕುಗ್ಗುವ ಅಥವಾ ಸೋಲುವ, ಇಲ್ಲವೇ ಮೂತ್ರಪಿಂಡ ಅಥವಾ ಹೃದಯದ ಕಾರಣಕ್ಕೆ ಸಾಯುವ ಒಟ್ಟು ಅಪಾಯ ನೂರಕ್ಕೆ 39ರಷ್ಟು ಇಳಿದಿತ್ತು. ಎಂಪಾಗ್ಲಿಫ್ಲೋಜಿನ್ ಕುರಿತ 6,609 ರೋಗಿಗಳ ಪ್ರಯೋಗದಲ್ಲೂ ನೂರಕ್ಕೆ 28ರಷ್ಟು ಲಾಭ ಕಂಡಿತು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಹಲವು ಕಂಪನಿಗಳು ಅದನ್ನು ತಯಾರಿಸುತ್ತಿದ್ದು, ಬೆಲೆ ಸಾಮಾನ್ಯರ ಕೈಗೆಟುಕುವ ಮಟ್ಟಕ್ಕೆ ಇಳಿದಿದೆ.

ಉರಿಯೂತ ಮತ್ತು ನಾರಿಗೆ ಹೆಚ್ಚು ನೇರವಾಗಿ ತಾಗುವ ಔಷಧ ಫಿನೆರೆನೋನ್. ಆಲ್ಡೊಸ್ಟೆರೋನ್ ಎಂಬ ಹಾರ್ಮೋನ್ ಅಂಟಿಕೊಳ್ಳುವ ಗ್ರಾಹಕ ಅತಿಯಾಗಿ ಕೆಲಸ ಮಾಡಿದರೆ ಉರಿಯೂತವೂ ನಾರೂ ಹೆಚ್ಚುತ್ತವೆ. ಫಿನೆರೆನೋನ್ ಆ ಗ್ರಾಹಕವನ್ನು ಮುಚ್ಚುತ್ತದೆ. 2020ರ ಪ್ರಯೋಗದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದ ಅಪಾಯ ನೂರಕ್ಕೆ 18ರಷ್ಟು ತಗ್ಗಿತು. 2024ರಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು ಇದೇ ಬಗೆಯ ರೋಗಿಗಳಲ್ಲಿ ಅಪಾಯವನ್ನು ನೂರಕ್ಕೆ 24ರಷ್ಟು ಇಳಿಸಿತು. ಫಿನೆರೆನೋನ್ ಮತ್ತು ಎಂಪಾಗ್ಲಿಫ್ಲೋಜಿನ್‌ಗಳನ್ನು ಆರಂಭದಿಂದಲೇ ಜೊತೆಗೆ ಕೊಟ್ಟರೆ ಮೂತ್ರದ ಆಲ್ಬುಮಿನ್ ಅರ್ಧದಷ್ಟು ಇಳಿಯುತ್ತದೆ, ಒಂದೊಂದನ್ನೇ ಕೊಡುವುದಕ್ಕಿಂತ ಇದು ಮೇಲು ಎಂದು 2025ರಲ್ಲಿ ಗೊತ್ತಾಯಿತು.

ಕಟ್ಟಿದ ನಾರು ಕರಗುತ್ತದೆಯೆ?

ಇದಕ್ಕೆ ಉತ್ತರ ಕೊಡುವ ಒಂದು ಅಧ್ಯಯನ ಚಿಕ್ಕದು, ಆದರೆ ಮನಸ್ಸಿನಲ್ಲಿ ನಿಲ್ಲುವಂಥದ್ದು. ಟೈಪ್ 1 ಸಕ್ಕರೆ ಕಾಯಿಲೆ ಇದ್ದ ಎಂಟು ಮಂದಿಗೆ ಮೇದೋಜೀರಕ ಗ್ರಂಥಿಯ ಕಸಿ ಮಾಡಲಾಗಿತ್ತು. ಅವರ ಸಕ್ಕರೆ ಸಹಜ ಸ್ಥಿತಿಗೆ ಬಂದಿತ್ತು. ಪಾವೊಲಾ ಫಿಯೊರೆಟ್ಟೊ, ಮೈಕಲ್ ಮಾವರ್ ಮತ್ತು ಸಂಗಡಿಗರು ಕಸಿಗೆ ಮುಂಚೆ, ಐದು ವರ್ಷದ ಮೇಲೆ, ಹತ್ತು ವರ್ಷದ ಮೇಲೆ ಅವರ ಮೂತ್ರಪಿಂಡದ ಬಯಾಪ್ಸಿ ನೋಡಿದರು. ಐದನೇ ವರ್ಷ ಸುಧಾರಣೆಯ ಸುಳಿವೇ ಇರಲಿಲ್ಲ. ಹತ್ತನೇ ವರ್ಷದ ಹೊತ್ತಿಗೆ ದಪ್ಪವಾಗಿದ್ದ ಪೊರೆಗಳು ತೆಳ್ಳಗಾಗಿದ್ದವು, ಗ್ಲೊಮೆರುಲಸ್‌ನಲ್ಲಿ ಸೇರಿದ್ದ ಹೆಚ್ಚುವರಿ ವಸ್ತು ಕರಗಿತ್ತು. 1998ರಲ್ಲಿ ಪ್ರಕಟವಾದ ಈ ವರದಿ ಎರಡು ಮಾತು ಹೇಳುತ್ತದೆ. ಪೆಟ್ಟು ನಿಂತರೆ ಮೂತ್ರಪಿಂಡ ತನ್ನನ್ನು ತಾನು ಸರಿಪಡಿಸಿಕೊಳ್ಳಬಲ್ಲದು. ಆದರೆ ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು, ಇನ್ನೂ ಜೀವವಿರುವ ನೆಫ್ರಾನ್‌ಗಳು ಉಳಿದಿರಬೇಕು. ಪೂರ್ತಿ ಗಟ್ಟಿಯಾದ ಉಂಡೆಗೆ ಜೀವ ಬರುವುದಿಲ್ಲ.

ರಕ್ತದಲ್ಲಿ ಸಿಗುವ ಸುಳಿವು

ನಾರು ಎಷ್ಟಿದೆ ಎಂದು ತಿಳಿಯಲು ಪ್ರತಿ ಬಾರಿಯೂ ಸೂಜಿ ಚುಚ್ಚಲಾಗದು. ಕ್ರಿಯಾಟಿನಿನ್ ಏರುವುದು ಹಾನಿಯಾದ ಮೇಲೆ. ಅದಕ್ಕೂ ಮುಂಚಿನ ಸುಳಿವಿಗಾಗಿ ಹುಡುಕಾಟ ನಡೆದಿದೆ. ಟಿಎನ್‌ಎಫ್‌ನ ಎರಡು ಗ್ರಾಹಕಗಳು ರಕ್ತದಲ್ಲಿ ಹೆಚ್ಚಿರುವ ಸಕ್ಕರೆ ರೋಗಿಗಳಿಗೆ ಮುಂದೆ ಮೂತ್ರಪಿಂಡ ಸೋಲುವ ಅಪಾಯ ಹೆಚ್ಚು ಎಂದು ಬಾಸ್ಟನ್‌ನ ಜಾಸ್ಲಿನ್ ಮಧುಮೇಹ ಕೇಂದ್ರದ ಸಂಶೋಧಕರು 2012ರಲ್ಲಿ ತೋರಿಸಿದರು. ಅದೇ ಕೇಂದ್ರದ ಮೋನಿಕಾ ನಿಯೆವ್ಚಾಸ್ ಮತ್ತು ಸಂಗಡಿಗರು 2019ರಲ್ಲಿ ಅಪಾಯವನ್ನು ಮುಂಚೆಯೇ ಸೂಚಿಸುವ, ಉರಿಯೂತಕ್ಕೆ ಸೇರಿದ 17 ಪ್ರೋಟೀನ್‌ಗಳ ಗುಂಪನ್ನು ಗುರುತಿಸಿದರು. ಸಕ್ಕರೆ ಕಾಯಿಲೆಯ ಮೂತ್ರಪಿಂಡದಲ್ಲೂ ಉರಿಯೂತ ಮುಖ್ಯ ಪಾತ್ರಧಾರಿ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಈ ಉರಿಯೂತ ಮೂತ್ರಪಿಂಡದ ಗಡಿಯೊಳಗೇ ಉಳಿಯುವುದಿಲ್ಲ. ಹೊರಹೋಗದೆ ಉಳಿದ ಕಶ್ಮಲಗಳು ರಕ್ತನಾಳಗಳನ್ನು ಕೆರಳಿಸುತ್ತವೆ. ಮೂತ್ರಪಿಂಡದ ರೋಗಿಗಳಲ್ಲಿ ಡಯಾಲಿಸಿಸ್ ಹಂತ ತಲುಪುವವರಿಗಿಂತ ಅದಕ್ಕೆ ಮುಂಚೆಯೇ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚು.

ಹೊಲದ ಬಿಸಿಲು, ಬಳ್ಳಿಯ ಬೇರು

ಸಕ್ಕರೆಯೂ ಇಲ್ಲ, ರಕ್ತದೊತ್ತಡವೂ ಇಲ್ಲ, ಆದರೂ ಮೂತ್ರಪಿಂಡ ಸೋಲುವ ಜನರು ಕೆಲವು ಸೀಮೆಗಳಲ್ಲಿ ಗುಂಪುಗುಂಪಾಗಿ ಸಿಗುತ್ತಾರೆ. ನಿಕರಾಗುವಾ ಮತ್ತು ಎಲ್ ಸಾಲ್ವಡಾರ್‌ನ ಕಬ್ಬು ಕಡಿಯುವವರು, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದ ಭತ್ತದ ರೈತರು, ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯ ಜನ ಇದಕ್ಕೆ ಉದಾಹರಣೆ. ಬಯಾಪ್ಸಿಯಲ್ಲಿ ಗ್ಲೊಮೆರುಲಸ್‌ಗಿಂತ ನಳಿಕೆಗಳ ನಡುವೆಯೇ ಉರಿಯೂತ ಮತ್ತು ನಾರು ಹೆಚ್ಚು ಕಾಣುತ್ತವೆ. ಬಿಸಿಲಿನ ದುಡಿಮೆ, ಮತ್ತೆ ಮತ್ತೆ ನೀರು ಬತ್ತುವುದು, ಕುಡಿಯುವ ನೀರು, ಕೀಟನಾಶಕ ಹೀಗೆ ಹಲವು ಕಾರಣಗಳ ಮೇಲೆ ಅಧ್ಯಯನ ನಡೆದಿದೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಕೂಲಿಗಳಿಗೆ ನೆರಳು, ವಿರಾಮ, ಸಾಕಷ್ಟು ನೀರು ಕೊಟ್ಟಾಗ ಮೂತ್ರಪಿಂಡದ ಹಾನಿ ಕಡಿಮೆಯಾಗಿದೆ. ಕಬ್ಬು ಬೆಳೆಯುವ ನಮ್ಮ ಮಂಡ್ಯ, ಬೆಳಗಾವಿಯವರೂ ನೆನಪಿಡಬೇಕಾದ ಮಾತು ಇದು.

ಕಾರಣ ಖಚಿತವಾಗಿ ಸಿಕ್ಕ ಒಂದು ಪ್ರಕರಣವೂ ಇದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್‌ನಲ್ಲಿ ಮೈ ಇಳಿಸಲು ಗಿಡಮೂಲಿಕೆ ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಬೇಗ ಬೇಗ ನಾರುಗಟ್ಟಿ ಸೋತವು. ಮೂಲಿಕೆಯಲ್ಲಿ ಅರಿಸ್ಟೊಲೋಕಿಯಾ ಎಂಬ ಬಳ್ಳಿ ಸೇರಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ನಳಿಕೆಗಳಿಗೆ ವಿಷ. ಮೂತ್ರದ ಹಾದಿಯ ಕ್ಯಾನ್ಸರಿಗೂ ಕಾರಣ. ನಮ್ಮಲ್ಲಿ ಹಾವು ಕಡಿತಕ್ಕೆಂದು ಹಳ್ಳಿಗಳಲ್ಲಿ ಬಳಸುತ್ತ ಬಂದಿರುವ ಈಶ್ವರಿ ಬೇರು ಇದೇ ಕುಲದ ಬಳ್ಳಿಯದು, ಅದರಲ್ಲೂ ಈ ಆಮ್ಲ ಇದೆ. ಕೊಳಕುಮಂಡಲದ ವಿಷವೇ ಮೂತ್ರಪಿಂಡವನ್ನು ಕೆಡಿಸುವಂಥದ್ದು. ಕಡಿದಾಗ ಬೇಕಾದದ್ದು ಆಸ್ಪತ್ರೆ ಮತ್ತು ಪ್ರತಿವಿಷದ ಚುಚ್ಚುಮದ್ದು. ಈ ಬೇರನ್ನು ಕುಡಿಸಬಾರದು.

ಓದುಗರಿಗೆ ಒಂದು ಮಾತು

ಇನ್ನೂರು ವರ್ಷಗಳ ಈ ಶೋಧದಿಂದ ಸಿಕ್ಕಿರುವ ತಿಳಿವಳಿಕೆ ಇಷ್ಟು: ತುಂಬಿದ ಹೂಳನ್ನು ಎತ್ತುವ ಔಷಧ ಇನ್ನೂ ಕೈಗೆ ಬಂದಿಲ್ಲ, ಹೂಳು ಬರದಂತೆ ತಡೆಯುವ ಔಷಧಗಳು ಬಂದಿವೆ. ಅವು ಎಷ್ಟು ಬೇಗ ಶುರುವಾದರೆ ಅಷ್ಟು ನೆಫ್ರಾನ್‌ಗಳು ಉಳಿಯುತ್ತವೆ. ಬೇಗ ಶುರುವಾಗಬೇಕಾದರೆ ಬೇಗ ಗೊತ್ತಾಗಬೇಕು. ನಿಮಗಾಗಲಿ ಮನೆಯವರಿಗಾಗಲಿ ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ, ಮನೆತನದಲ್ಲಿ ಕಿಡ್ನಿ ಕಾಯಿಲೆ ಇದ್ದರೆ, ಹಿಂದೊಮ್ಮೆ ಕಿಡ್ನಿ ಥಟ್ಟನೆ ಕೆಟ್ಟು ಚೇತರಿಸಿಕೊಂಡಿದ್ದರೆ, ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಿ: ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ವರದಿಯಲ್ಲಿ ಇಜಿಎಫ್‌ಆರ್ ಬರೆದಿದೆಯೇ ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ. ದಿನಕ್ಕೆ ಐದು ಗ್ರಾಂಗಿಂತ ಹೆಚ್ಚು ಉಪ್ಪು ಬೇಡ. ಮಂಡಿ ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯನ್ನು ದಿನವೂ ನುಂಗಬೇಡಿ. ಕೊಟ್ಟ ಔಷಧವನ್ನು ಆರಾಮವಾಗಿದ್ದೇನೆ ಎಂದು ನಿಲ್ಲಿಸಬೇಡಿ. ಮೂತ್ರಪಿಂಡ ನೋಯುವ ತನಕ ಕಾಯಬೇಡಿ. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಅದು ನೋಯುವುದೇ ಇಲ್ಲ.